ಶಿವರುದ್ರಮ್ಮನ ಹೊರಬೀಡು

“ಒಂದೂರಲ್ಲಿ ಒಬ್ಳು ಹುಡುಗಿ ಇದ್ಲಂತೆ.”

“ಹೂಂ.”

“ಆ ಹುಡುಗಿ ಸಮುದ್ರ ದಾಟಿ, ಥಾಯ್ಲೆಂಡ್ ಅನ್ನೋ ದೇಶಕ್ಕೆ ಬಟ್ಟೆ ನೇಯೋದು ಕಲಿಯೋಕೆ ಹೋದ್ಲಂತೆ.”

“ಹೂಂ. ಮುಂದೆ ಗುಂಡಿ ಐತೆ, ನೋಡ್ಕೊಂಡು ಓಡ್ಸು.”

ಸ್ಪಂದನ ಬೈಕಿನ ವೇಗ ತಗ್ಗಿಸಿದಳು. ಹಿಂದೆ ಅಜ್ಜಿ ಶಿವರುದ್ರಮ್ಮ ಅವಳ ಬೆನ್ನಿಗೆ ಆತುಕೊಂಡು ಕೂತಿದ್ದಳು. ಇಬ್ಬರ ಸೊಂಟವನ್ನೂ ಬಳಸಿ ಬಂದ ಒಂದು ನೀಲಿ ಬಟ್ಟೆ ಮುಂದೆ ಗಂಟು ಬಿದ್ದಿತ್ತು. ತೆಂಗಿನ ತೋಟಗಳ ನಡುವಿನ ದಾರಿ. ಇನ್ನೂ ಮಬ್ಬು. ಹೊತ್ತು ಹುಟ್ಟುವ ಮೊದಲು ಗಡಿಕಲ್ಲು ದಾಟಬೇಕಿತ್ತು.

ಅವತ್ತು ಊರ ಹೊರಬೀಡು. ಆ ದಿನ ಮನುಷ್ಯರು, ದನಕರು, ನಾಯಿ, ಕೋಳಿ ಎಲ್ಲ ಬೆಳಗಾಗುವುದರೊಳಗೆ ಊರ ಗಡಿಯಾಚೆ ಹೋಗಿ, ಅಲ್ಲೇ ಒಲೆ ಹೂಡಿ ಉಂಡು, ಹೊತ್ತು ಮುಳುಗಿದ ಮೇಲೆ ಮರಳಬೇಕು. ಖಾಲಿ ಬೀದಿಗಳಲ್ಲಿ ಊರಮ್ಮ ಒಬ್ಬಳೇ ಓಡಾಡುತ್ತಾಳೆಂದು ನಂಬಿಕೆ. ಶೆಟ್ಟಿಕೆರೆ ಕಡೆಯ ಆ ಹಳ್ಳಿಯಲ್ಲಿ ಅದು ನಡೆದು ಎಷ್ಟೋ ಕಾಲವಾಗಿತ್ತು. ಈ ಸಲ ಮಾಡಬೇಕೆಂದು ನಿಶ್ಚಯವಾದಾಗ ಶಿವರುದ್ರಮ್ಮನ ಕಾಲಲ್ಲಿ ಬಲ ಉಳಿದಿರಲಿಲ್ಲ.

“ಅವ್ವಾ, ನೀನು ಒಳಗೇ ಮಲಗಿರು. ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತೀವಿ. ಯಾರು ಬಂದು ನೋಡ್ತಾರೆ?” ಎಂದಿದ್ದ ಮಗ ಗಂಗಾಧರಯ್ಯ.

“ಅಮ್ಮ ನೋಡ್ತಾಳೆ ಕಣ್ಲಾ. ಬೀದೀಲಿ ತಿರುಗೋಳು ಕಿಟಕೀಲಿ ಇಣುಕ್ದೆ ಇರ್ತಾಳಾ? ಎಲ್ರೂ ಹೋದ್ರು, ನೀನೊಬ್ಳು ಯಾರಿಗೂ ಬ್ಯಾಡ್ವಾದ್ಯಾ ಅಂತ ಕೇಳಿದ್ರೆ ಏನು ಹೇಳ್ಲಿ?”

ಹಾಗೆಂದು ಗೋಡೆಯ ಕಡೆ ತಿರುಗಿ ಮಲಗಿದವಳು ರಾತ್ರಿಯ ಮುದ್ದೆ ಮುಟ್ಟಿರಲಿಲ್ಲ. ಟ್ರ್ಯಾಕ್ಟರಿನ ಕುಲುಕಾಟ ಅವಳ ಸೊಂಟಕ್ಕಾಗದು. ಕಾರು ಈ ದಾರಿಗೆ ಇಳಿಯದು. ಸ್ಪಂದನ ಗೂಟದಲ್ಲಿದ್ದ ಬೈಕಿನ ಕೀ ತೆಗೆದುಕೊಂಡಿದ್ದಳು.

“ನಾನು ಅಜ್ಜಿಗೆ ಮಾತು ಕೊಟ್ಟಿದೀನಿ ಚಿಕ್ಕಪ್ಪ.”

“ಮಾತು ಕೊಡೋದು ಸರಿ ಕಣಮ್ಮ. ಬೀಳಿಸಿಬಿಟ್ರೆ?”

“ಅವ್ಳು ಬೀಳಿಸಲ್ಲ ಬುಡು,” ಎಂದು ಅಜ್ಜಿ ತಟ್ಟನೆ ಇತ್ತ ತಿರುಗಿದ್ದಳು. ಬೆಳಗ್ಗೆ ಎಲ್ಲರಿಗಿಂತ ಮೊದಲೇ ಎಚ್ಚರಗೊಂಡು, ಮುಖ ತೊಳೆಸಿಕೊಂಡು, ಮದುವೆಗೆ ಹೊರಟವಳ ಹಾಗೆ ಹಣೆತುಂಬ ವಿಭೂತಿ ಹಚ್ಚಿಕೊಂಡಿದ್ದಳು.

“ಕಥೆ ನಿಂತೋಯ್ತಲ್ಲೇ,” ಈಗ ಹಿಂದಿನಿಂದ ತಿವಿದಳು.

“ಅಲ್ಲಿ ಅರ್ಧ ಬಟ್ಟೆ ನೇಯೋ ಹೊತ್ತಿಗೆ ಹುಡುಗಿಯ ವೀಸಾ ಗಡುವು ಮುಗಿಯೋಕೆ ಬಂತು. ಇನ್ನೂ ಇರಬೇಕು ಅಂದ್ರೆ ಆ ದೇಶದ ಗಡಿ ದಾಟಿ, ಆಚೆ ದೇಶದ ನೆಲ ಮೆಟ್ಟಿ, ಹೊಸ ಮುದ್ರೆ ಒತ್ತಿಸ್ಕೊಂಡು ಬರಬೇಕು.”

“ಹೂಂ. ಒತ್ತದೆ ಹೋದ್ರೆ?”

“ಬಟ್ಟೆ ಮಗ್ಗದಲ್ಲೇ ಅರ್ಧಕ್ಕೆ ನಿಲ್ಲುತ್ತೆ. ಅದಕ್ಕೆ ಬಾಡಿಗೆ ಬೈಕ್ ಹತ್ತಿ, ಬೆಟ್ಟಗುಡ್ಡ ಹಾದು ಒಬ್ಳೇ ಹೊರಟ್ಲು. ಭಯ ಆಗದಿರಲಿ ಅಂತ ದಾರಿಯುದ್ದಕ್ಕೂ ಅವರಜ್ಜಿ ಹೇಳಿದ್ದ ಕಥೆಗಳನ್ನೇ ಹೇಳ್ಕೊಂಡು ಹೋದ್ಲು.”

“ಅಯ್ಯೋ, ಹೂಂ ಅನ್ನೋರು ಯಾರಿದ್ರೇ ಅಲ್ಲಿ?”

“ಗಾಡಿ ಹೂಂ ಅಂತಿತ್ತು.”

ಅಜ್ಜಿಯ ನಗು ಅವಳ ಬೆನ್ನಿಗೆ ತಾಗಿ ಅಲುಗಿತು.

ಸ್ಪಂದನ ಆ ಗಡಿ ದಾಟಿದ ದಿನವೂ ಅಜ್ಜಿ ಹೀಗೇ ನಕ್ಕಿದ್ದಳು, ಫೋನಿನಲ್ಲಿ. ಸ್ಪಂದನ ಬೈಕನ್ನು ಈಚೆ ದಡದಲ್ಲೇ ಬಿಟ್ಟು, ಬಸ್ಸಿನಲ್ಲಿ ಮೆಕಾಂಗ್ ನದಿಯ ಸೇತುವೆ ದಾಟಿ ಲಾವೋಸಿನಲ್ಲಿ ಇಳಿದಿದ್ದಳಷ್ಟೆ. “ಗಡಿ ಆಚೆಗೆ ಬಂದಿದೀನಿ ಅಜ್ಜಿ, ಸಂಜೆಗೆ ವಾಪಸ್,” ಎಂದರೆ, “ಓ, ಹೊರಬೀಡಾ! ಉಂಡ್ಯಾ? ಉಣ್ದೆ ಒಳಗೆ ಹೋಗಬಾರ್ದು ಕಣೇ,” ಎಂದಿದ್ದಳು. ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ದಿಗಿಲಿನಲ್ಲಿ ಬೆಳಗಿನಿಂದ ನೀರೂ ಕುಡಿಯದಿದ್ದ ಹುಡುಗಿ, ಆ ಒಂದು ಮಾತಿಗೆ ದಾರಿ ಬದಿಯಲ್ಲಿ ಕೂತು ಅಂಟು ಅನ್ನ ತಿಂದಿದ್ದಳು. ಹೊಟ್ಟೆ ತುಂಬಿದ ಮೇಲೆ ದಿಗಿಲು ತಾನಾಗಿ ಇಳಿದಿತ್ತು. “ನಮ್ಮೂರಲ್ಲೂ ಬರೋ ವರ್ಷ ಮಾಡ್ತಾರಂತೆ. ನನ್ನ ಯಾರು ಕರ್ಕೊಂಡೋಗ್ತಾರೆ ಬುಡು,” ಎಂದಿದ್ದಳು ಅಜ್ಜಿ. “ನಾನು,” ಎಂದಿದ್ದಳು ಸ್ಪಂದನ.

ದಾರಿ ಈಗ ಹಳ್ಳದ ಕಡೆಗೆ ಇಳಿಯಿತು. ಸಡಿಲ ಮಣ್ಣು. ಬ್ರೇಕು ಹಿಡಿದರೆ ಚಕ್ರ ಜಾರುವುದು ಖಂಡಿತ.

“ವಾಪಸ್ ಬರೋವಾಗ ಗಡೀಲಿದ್ದ ಅಧಿಕಾರಿ, ಮತ್ತೆ ಯಾಕೆ ಬಂದೆ ಅಂತ ಕೇಳಿದ.”

ಹಿಂದಿನಿಂದ ಸದ್ದಿಲ್ಲ.

“ಅಜ್ಜೀ, ಯಾಕೆ ಬಂದೆ ಅಂತ ಕೇಳಿದ.”

ಬೆನ್ನ ಮೇಲಿನ ತಲೆ ಭಾರವಾಗಿತ್ತು. ಅವಳನ್ನು ಹಿಡಿದಿದ್ದ ಕೈಗಳು ಸಡಿಲಾಗಿದ್ದವು. ಬಟ್ಟೆಯ ಗಂಟು ಹೊಟ್ಟೆಗೆ ಒತ್ತುತ್ತಿತ್ತು. ನಿಲ್ಲಿಸುವಂತಿಲ್ಲ, ತಿರುಗಿ ನೋಡುವಂತಿಲ್ಲ. ಚಿಕ್ಕವಳಿದ್ದಾಗ ತಾನು ನಿದ್ದೆಗೆ ಜಾರಿದರೆ ಅಜ್ಜಿ ಬೇಕೆಂದೇ ಕಥೆ ಕೆಡಿಸುತ್ತಿದ್ದುದು ಆಗ ನೆನಪಾಯಿತು.

“ಹುಡುಗೀನ ಅವನು ಒಳಗೆ ಬಿಡಲೇ ಇಲ್ಲ,” ಎಂದು ಕೂಗಿದಳು. “ಬಟ್ಟೆ ಅಲ್ಲೇ ಕೊಳೆತೋಯ್ತು. ಕಥೆ ಮುಗೀತು.”

ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹಳ್ಳದ ಮರಳು ಚಕ್ರಕ್ಕೆ ಸಿಕ್ಕಿತು.

“ಸುಳ್ಳಿ,” ಕಿವಿಯ ಬಳಿ ಗೊಗ್ಗರು ದನಿ ಬಂತು. “ಬಿಡದೆ ಹೋಗಿದ್ರೆ ಈ ಬಟ್ಟೆ ಎಲ್ಲಿಂದ ಬಂತೇ, ಮಗ? ನಿಮ್ಮಪ್ಪ ನೇಯ್ದು ಕೊಟ್ನಾ?” ಸಡಿಲಾಗಿದ್ದ ಕೈಯೊಂದು ಮುಂದೆ ಬಂದು ನೀಲಿ ಗಂಟನ್ನು ತಡವಿತು. “ಚಂದಾಗಿ ಹೇಳು.”

ಸ್ಪಂದನಳಿಗೆ ಅಳು, ನಗು ಒಟ್ಟಿಗೇ ಬಂದವು. “ಮಗ್ಗದ ಫೋಟೋ ತೋರಿಸಿದ್ಲು ಅಜ್ಜಿ. ಮಾತು ಬರದೆ ಅಷ್ಟೇ ತೋರಿಸಿದ್ಲು. ಅವನು ನೋಡೀ ನೋಡೀ ಮುದ್ರೆ ಒತ್ತಿದ.”

“ಹೂಂ. ಅವನೂ ಯಾರ ಮೊಮ್ಮಗನೋ. ತಣ್ಣಗಿರ್ಲಿ.”

ಹಳ್ಳದಾಚೆ ಏರಿನಲ್ಲಿ ಗಡಿಕಲ್ಲು ಕಂಡಿತು. ಯಾರೋ ಆಗಲೇ ಅದಕ್ಕೆ ಅರಿಶಿನ ಬಳಿದಿದ್ದರು. ಅದರಾಚೆ ತೋಟದಲ್ಲಿ ಒಲೆಗಳ ಹೊಗೆ, ಕಟ್ಟಿದ ದನಗಳು, ಬುಟ್ಟಿಯಡಿ ಕೊಕ್ಕೊಕ್ಕೋ ಎನ್ನುವ ಕೋಳಿಗಳು. ಮುಂದಿನ ಚಕ್ರ ಕಲ್ಲು ದಾಟಿತು. ಹಿಂದಿನದೂ ದಾಟಿತು. ಆಮೇಲೆ ತೆಂಗಿನ ಗರಿಗಳ ಸಂದಿಯಿಂದ ಮೊದಲ ಬಿಸಿಲು ಬಂತು.

ಗಂಗಾಧರಯ್ಯ ಓಡಿಬಂದು ಗಂಟು ಬಿಚ್ಚಿ ತಾಯಿಯನ್ನು ಎತ್ತಿಕೊಂಡ. “ಅನ್ನಕ್ಕೆ ಇಟ್ರೇನ್ಲಾ?” ಎಂದು ಕೇಳುತ್ತ ಅವಳು ಮಗನ ತೋಳಿನಲ್ಲೇ ಚಾಪೆಯ ಕಡೆ ಹೋದಳು.

ಸ್ಪಂದನ ಬೈಕ್ ನಿಲ್ಲಿಸಿ, ಬಟ್ಟೆ ಮಡಿಸುತ್ತ ಬಿಸಿಲಿಗೆ ಬೆನ್ನು ಮಾಡಿ ನಿಂತಳು. ಅವಳ ಕಪ್ಪು ಅಂಗಿಯ ಬೆನ್ನ ಮೇಲೆ, ಅಜ್ಜಿಯ ಹಣೆ ಆತಿದ್ದ ಕಡೆ, ವಿಭೂತಿಯ ಮೂರು ಬಿಳಿ ಗೆರೆಗಳು ಒತ್ತಿಕೊಂಡಿದ್ದವು.