ವಾರಗಿತ್ತಿಗೆ ಬಂದ ಕಣ್ಣು

ಹುಲ್ಲಹಳ್ಳಿಯ ಮಂಚಮ್ಮನಿಗೂ ಅವಳ ವಾರಗಿತ್ತಿ ಚಿಕ್ಕಮಾದಮ್ಮನಿಗೂ ಒಂದೇ ಜಗುಲಿ. ಇಬ್ಬರಿಗೂ ಕಣ್ಣು ಕಾಣದಾಯಿತು. ಆಸ್ಪತ್ರೆಯಲ್ಲಿ ಚಿಕ್ಕಮಾದಮ್ಮನಿಗೆ ಪೊರೆ ತೆಗೆದರು, ದೃಷ್ಟಿ ಬಂತು. ಮಂಚಮ್ಮನಿಗೆ ಮಾತ್ರ, "ಇದು ಗ್ಲಾಕೋಮಾ. ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗಿದೆ. ಹೋದ ದೃಷ್ಟಿ ಬರುವುದಿಲ್ಲ" ಎಂದರು.

"ಅಕ್ಕಾ, ನಿನ್ ಸೀರೆ ಗಿಣಿ ಅಸುರು ಕಣಕ್ಕ. ಎಷ್ಟ್ ಚೆಂದಾಗದೆ!" ಎಂದಳು ಒಂದು ದಿನ ಚಿಕ್ಕಮಾದಮ್ಮ.

ಮಂಚಮ್ಮನ ಹೊಟ್ಟೆ ಉರಿಯಿತು. ತನಗೆ ಕಾಣದ ತನ್ನ ಸೀರೆ ಇವಳಿಗೆ ಕಾಣುವುದೇ? ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ಅದೇ ವಾರ ಯಾರೋ ಮೊಬೈಲಿನಲ್ಲಿ ಒಂದು ವಿಡಿಯೋ ಕೇಳಿಸಿದರು. ಕಣ್ಣೊಳಗೆ ಚಿಪ್ಪು ಎಂಬ ಪುಟ್ಟ ಎಲೆಕ್ಟ್ರಾನಿಕ್ ಬಿಲ್ಲೆ ಇಟ್ಟರೆ ಕುರುಡರಿಗೂ ಕಾಣುತ್ತದಂತೆ. ಆಶಾ ಕಾರ್ಯಕರ್ತೆ ಭಾನುಪ್ರಿಯಾ ಬಂದಾಗ ಮಂಚಮ್ಮ ಅವಳ ಕೈ ಹಿಡಿದುಕೊಂಡಳು.

"ನಂಗೂ ಅದ ಆಕ್ಸವ್ವ. ಅವ್ಳಿಗಿಂತ ಚೆಂದಾಗಿ ಕಾಣ್ಬೇಕು ನಂಗೆ."

"ಸುಳ್ಳು ಯೋಳಲ್ಲ ದೊಡ್ಡಮ್ಮ. ಆ ಚಿಪ್ಪು ಕಣ್ಣಿನ ಒಳಪರದೆ ಕೆಟ್ಟೋರಲ್ಲಿ ಕೆಲವ್ರಿಗೆ ಮಾತ್ರ ಆಗೋದು. ನರ ಒಣಗಿದ್ರೆ ಆಗಲ್ಲ. ನರ ಚಿಗುರ್ಸಕ್ಕೆ, ನೇರ ಮಿದುಳಿಗೇ ಚಿಪ್ಪು ಜೋಡ್ಸಕ್ಕೆ ಸಂಶೋಧನೆ ನಡೀತಾದೆ, ಇನ್ನೂ ಮುಗಿದಿಲ್ಲ. ಈಗ್ಲೇ ಕಣ್ಣು ಬರುಸ್ತೀವಿ ಅಂತ ಯಾರಾದ್ರೂ ಬಂದ್ರೆ ನಂಬ್ಬೇಡಿ, ಕಣ್ಣಿನ ಡಾಕ್ಟ್ರನ್ನ ಕೇಳಿ. ಆದ್ರೆ ಈ ಕಾಯ್ಲೆ ರಕ್ತಸಂಬಂಧದಲ್ಲಿ ಬರ್ಬೋದು. ನಿಮ್ ಮಗ ರವಿಯಣ್ಣಂಗೆ ತೋರ್ಸಿದೀರಾ?"

"ಅವನ್ಗೇನಾಗದೆ? ನೋವಿಲ್ಲ, ಉರಿಯಿಲ್ಲ."

"ನಿಮ್ಗೆ ನೋವಿತ್ತಾ?"

ಮಂಚಮ್ಮ ಹಿಡಿದಿದ್ದ ಕೈ ಬಿಟ್ಟಳು. ಆಮೇಲೆ ಮೆಲ್ಲಗೆ, "ಅವ್ಳ ಕಣ್ಣು ಮತ್ತೆ ಓಗ್ಲಿ ಅಂತ ಬೇಡ್ಕಂಡೆ ಕಣವ್ವ. ಅದು ನನ್ ಮಗುನ್ಗೇ ತಟ್ಟುದ್ರೆ?" ಎಂದಳು.

"ಬೇಡ್ಕಂಡ್ರೆ ಯಾರ್ಗೂ ಕಾಯ್ಲೆ ಬರಲ್ಲ. ತೋರಿಸ್ದೆ ಬುಟ್ರೆ ಕಣ್ಣು ಓಗುತ್ತೆ."

ಮಾರನೆಯ ದಿನವೇ ತಾಯಿ, ಮಗ ನಂಜನಗೂಡಿನ ಆಸ್ಪತ್ರೆಗೆ ಹೋದರು. ನಲವತ್ತೆರಡರ ರವಿಕುಮಾರನ ಕಣ್ಣಿನ ಒತ್ತಡ ಹೆಚ್ಚಿತ್ತು. ಪಕ್ಕದ ನೋಟ ಅಷ್ಟಿಷ್ಟು ಹೋಗಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. "ದಿನಾ ತಪ್ಪದೆ ಹನಿ ಹಾಕಿ, ಹೇಳಿದಾಗ ಬನ್ನಿ. ಉಳಿದದ್ದನ್ನು ಕಾಪಾಡಬಹುದು" ಎಂದರು ಡಾಕ್ಟರು.

ಸಂಜೆ ರವಿ ತಾನೇ ಹಾಕಿಕೊಂಡಾಗ ಹನಿ ಕೆನ್ನೆಗೆ ಬಿತ್ತು. ಮಂಚಮ್ಮ ಸೀಸೆ ಇಸಿದುಕೊಂಡಳು. ಕಾಣದೆ ಅವನ ಕಣ್ಣಿಗೆ ಗುರಿ ಸಿಗಲಿಲ್ಲ. ಜಗುಲಿಯ ಆ ತುದಿಯಲ್ಲಿ ಚಿಕ್ಕಮಾದಮ್ಮ ಕೂತಿದ್ದಳು. ಮಂಚಮ್ಮನ ಹೊಟ್ಟೆಯ ಉರಿ ಇನ್ನೂ ಆರಿರಲಿಲ್ಲ. ಆದರೂ ಕರೆದಳು:

"ಬಾರೆ ಮಾದಮ್ಮ. ನಿಂಗೆ ಕಾಣ್ತದಲ್ಲ, ನೀನೇ ಅನಿ ಬುಡು. ನಾನು ಇವನ್ ತಲೆ ಇಡ್ಕತೀನಿ."

ಇದನ್ನು ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹೋದ ದೃಷ್ಟಿ ತರುವ ಸಂಶೋಧನೆ ಗೆಲ್ಲಲಿ ಎಂದು ಹಾರೈಸೋಣ. ಅಲ್ಲಿಯವರೆಗೆ ನೋವಿಲ್ಲವೆಂದು ಸುಮ್ಮನೆ ಕೂರಬೇಡಿ. ನಲವತ್ತು ದಾಟಿದ್ದರೆ, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಈ ವಾರವೇ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿ.