ರುಚಿ ಕೇಳುವವನು

ಬೇಸಿಗೆ ಇಳಿಯುತ್ತಿದ್ದ ದಿನಗಳು, ಹೊತ್ತು ಹನ್ನೊಂದರ ಆಸುಪಾಸು. ಅಂಗಡಿಯ ಗಾಜಿನ ಕಪಾಟಿನ ಹಿಂದಿನಿಂದ ಅವನು ತಲೆಯೆತ್ತಿದಾಗ ಗಿರಾಕಿಗಳ ಸಾಲಿನಲ್ಲಿ ಹೆಂಡತಿ ನಿಂತಿದ್ದಳು. ಕೈಯಲ್ಲಿ ಊರಿಗೆ ಹೊರಟವರ ಚೀಲ.

ಅಂಗಡಿಯಲ್ಲಿ ಅವನನ್ನು ಮೇಷ್ಟ್ರು ಅನ್ನುತ್ತಿದ್ದರು. ಒಂದು ಕಾಲಕ್ಕೆ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವನು. ಕೇಳುವವರಿಲ್ಲದೆ ಆ ಪಾಠ ಮುಚ್ಚಿತು, ಹೊಟ್ಟೆ ಮುಚ್ಚಲಿಲ್ಲ.

ಇಲ್ಲಿ ಮಾರುವುದು ದುಬಾರಿ ಸ್ಯಾಂಡ್‌ವಿಚ್ಚು, ಉಪ್ಪಿನಲ್ಲಿ ಹದಮಾಡಿ ಒಣಗಿಸಿದ ಮಾಂಸ. ಯಜಮಾನರು ಒಂದು ಪದ್ಧತಿ ಇಟ್ಟಿದ್ದರು. ಕೊಳ್ಳುವ ಮೊದಲು ಗಿರಾಕಿಯ ಕೈಗೆ ಒಂದು ತೆಳ್ಳನೆಯ ಹೋಳು. ಅವರು ಅಗಿದು, ನುಂಗಿ, ನಾಲ್ಕು ಜನಕ್ಕೆ ಕೇಳುವಂತೆ ಅಭಿಪ್ರಾಯ ಹೇಳಬೇಕು. ಮೇಷ್ಟ್ರು ಒಪ್ಪಬೇಕು. ಉಪ್ಪು ಜಾಸ್ತಿ ಅಂದವರಿಗೂ, ಉಪ್ಪೇ ಇಲ್ಲ ಅಂದವರಿಗೂ ಅವನದು ಒಂದೇ ಉತ್ತರ: “ನೀವು ಹೇಳೋದೂ ಸರಿ.” ಜನ ಮಾಂಸಕ್ಕಿಂತ ಈ ಮಾತಿಗೇ ಬರುತ್ತಿದ್ದರು ಅಂತ ಕಾಣುತ್ತದೆ. ಸರಿ ಅನ್ನಿಸಿಕೊಳ್ಳುವ ಹಸಿವು ಯಾರಿಗಿಲ್ಲ.

ಮನೆಯಲ್ಲೂ ಅದೇ ಬಾಯಿ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದ್ದಳು, ಅಕ್ಕ ತನ್ನ ಹೊಲಿಗೆ ಅಂಗಡಿಗೆ ಬಂದುಬಿಡು ಅನ್ನುತ್ತಿದ್ದಾಳೆ, ಹೋದರೆ ಮತ್ತೆ ಬರುವ ಮಾತಿಲ್ಲ, ಏನು ಮಾಡಲಿ ಅಂತ. ಅವನು ತಟ್ಟೆಯಿಂದ ಕಣ್ಣೆತ್ತದೆ, ನೀನು ಹೇಳೋದೂ ಸರಿ ಅಂದಿದ್ದ. ಅವಳು ಕೇಳಿದ್ದಷ್ಟೇ, ಇನ್ನೂ ಏನೂ ಹೇಳಿರಲಿಲ್ಲ.

ಸಾಲು ಮುಂದೆ ಸರಿಯಿತು. ಯಜಮಾನರಿಗೆ ಅವಳ ಗುರುತಿಲ್ಲ. ಗಿರಾಕಿಯೆಂದೇ ತಿಳಿದು ಅವಳ ಕೈಗೊಂದು ಹೋಳು ಇಟ್ಟರು. ಅವಳು ನಿಧಾನವಾಗಿ ಅಗಿದಳು. ಎಲ್ಲರೂ ಕಾದರು.

“ಹೇಗಿದೆ?” ಅಂದ. ಅದು ಅವನ ಕೆಲಸ.

“ರೀ, ಮಾಂಸ ಹೇಗಾದರೂ ಇರಲಿ. ನಾನು ಹೋಗಲೋ, ಇರಲೋ? ಬಸ್ಸಿಗೆ ಇನ್ನೂ ಹೊತ್ತಿದೆ. ಒಂದು ಮಾತು ಹೇಳಿ.”

ಹಿಂದೆ ನಿಂತಿದ್ದ ಹಲ್ಲಿನ ಡಾಕ್ಟರು ಇದನ್ನೂ ಅಂಗಡಿಯ ಹೊಸ ಮಾಲು ಅಂತಲೇ ತಿಳಿದರೋ ಏನೋ, ಗಂಟಲು ಸರಿಮಾಡಿಕೊಂಡರು. “ಹೋಗಲಿ. ಗಂಡ ಅಂದರೆ ಕಚ್ಚಿದಾಗ ಹಲ್ಲಿಗೆ ಸಿಗಬೇಕು. ಇವರು ಹಾಗೇ ಜಾರಿಬಿಡ್ತಾರೆ.”

“ನೀವು ಹೇಳೋದೂ ಸರಿ,” ಅಂದ ಮೇಷ್ಟ್ರು.

ಅವರ ಹಿಂದಿದ್ದ ಮುದುಕಿ ಒಪ್ಪಲಿಲ್ಲ. “ಇರಲಿ ಬಿಡವ್ವ. ಸಪ್ಪೆ ಇದ್ದದ್ದು ಹೊಟ್ಟೆಗೆ ಒಳ್ಳೇದು. ನಮ್ಮ ಮನೆಯೋರು ಖಾರ ಇದ್ದರು, ಏನು ಸುಖ ಬಂತು?”

“ನೀವು ಹೇಳೋದೂ ಸರಿ.”

ಸಾಲಿನಲ್ಲಿ ನಗು ಎದ್ದಿತು. ಒಬ್ಬರು ಇವರನ್ನು ಇನ್ನಷ್ಟು ಹದಮಾಡಬೇಕಿತ್ತು ಅಂದರು. ಇನ್ನೊಬ್ಬರು, ಒಣಗಿದ್ದೇ ಹೆಚ್ಚಾಯಿತು ಅಂದರು. ಅವನು ಎಲ್ಲರಿಗೂ ತಲೆಬಾಗಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೆಂಡತಿ ಮಾತ್ರ ನಗಲಿಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಕಾದಳು.

ಹೇಳಬೇಕಾದದ್ದು ಎರಡೇ ಅಕ್ಷರ: ಇರು. ಅದು ಎದೆಯಿಂದ ಎದ್ದು ಗಂಟಲವರೆಗೂ ಬಂದದ್ದು ಅವನಿಗೆ ಗೊತ್ತಾಯಿತು. ಅಷ್ಟರಲ್ಲಿ ಯಜಮಾನರು ಮೊಣಕೈಯಿಂದ ತಿವಿದು, ಗಿರಾಕಿಗೆ ಬುದ್ಧಿ ಹೇಳೋ ಚಾಳಿ ಬೇಡ ಮೇಷ್ಟ್ರೇ ಅಂತ ಪಿಸುಗುಟ್ಟಿದರು. ಬಾಯಿ ತೆರೆದೇ ಇತ್ತು. ತೆರೆದ ಬಾಯಿಂದ ಏನಾದರೂ ಹೊರಡಲೇಬೇಕಲ್ಲ.

“ಇನ್ನೊಂದು ಹೋಳು ಕೊಡಲಾ?”

ಅವಳು ಅವನನ್ನು ಒಂದು ಗಳಿಗೆ ನೋಡಿದಳು, ಕನ್ನಡಕ ಹಾಕದೆ ಬೋರ್ಡು ಓದುವವರ ಹಾಗೆ.

“ಬೇಡ,” ಅಂದಳು. “ಹೊಟ್ಟೆ ತುಂಬಿತು.”

ಅವಳು ಹೊರಗೆ ಕಾಲಿಟ್ಟಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಡಾಕ್ಟರು, ಹೆಂಗಸಿನ ಅಭಿಪ್ರಾಯ ಸ್ಪಷ್ಟವಾಗಿತ್ತು ಅಂತ ಮೆಚ್ಚಿಕೊಂಡು ಮುಂದೆ ಬಂದು ಹ್ಯಾಮ್ ಕೇಳಿದರು.

ಮೇಷ್ಟ್ರು ಬಾಗಿಲಾಚೆ ನೋಡಲು ಕಪಾಟಿನ ಮೇಲೆ ಬಗ್ಗಿದ. ಬೀಳದಿರಲು ಎರಡೂ ಕೈ ಊರಿ ಮೈಭಾರವನ್ನೆಲ್ಲ ಮುಂದಕ್ಕೆ ಬಿಟ್ಟ. ಊರಿದ್ದು ತೂಕದ ಯಂತ್ರದ ತಟ್ಟೆಯ ಮೇಲೆ ಅನ್ನುವುದು ಆಮೇಲೆ ಕಂಡಿತು. ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಅವನು ಇನ್ನೂ ಒತ್ತಿದ. ಮುಳ್ಳು ಮಿಸುಕಲಿಲ್ಲ. ಸಾಲಿನವರೆಲ್ಲ ಕತ್ತು ಚಾಚಿ ನೋಡಿದರು.

ಯಜಮಾನರು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಸಮಾಧಾನದಿಂದ ತಲೆಯಾಡಿಸಿದರು.

“ತಕ್ಕಡಿ ಸರಿಯಾಗಿದೆ,” ಅಂದರು.