ಓರಗಿತ್ತಿಯ ಮಾತ್ರೆ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಲಾಂಡ್ರಿಯ ಮೂರನೇ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದ ದೊಡ್ಡ ಸೊಸೆಗೆ ಎದುರಿಗಿದ್ದ ಅಂಗಿಯ ಎಡತೋಳು ಕಾಣಿಸಲಿಲ್ಲ. ಬಲತೋಳು ಕಾಣುತ್ತಿತ್ತು. ಎಡಗಡೆ ಮಿಣುಕುವ, ಅಂಕುಡೊಂಕಾದ ಬೆಳಕಿನ ಗೆರೆ ಮಾತ್ರ ಇತ್ತು. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೇ ನಿಂತುಬಿಟ್ಟಿತು. ಸುಟ್ಟ ವಾಸನೆಗೆ ಓಡಿಬಂದು ಸ್ವಿಚ್ ಆರಿಸಿದವಳು ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಅವಳ ಓರಗಿತ್ತಿ.

ಮೈದುನನ ಹೆಂಡತಿಯಾದ ಈ ಓರಗಿತ್ತಿಗೆ ಲಾಂಡ್ರಿಯಲ್ಲೂ ಮನೆಯಲ್ಲೂ ರೇಡಿಯೋ ಎಂದೇ ಹೆಸರು. ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಬಿಡುವಿಲ್ಲ.

"ಏನಾಯ್ತಕ್ಕ? ಮುಖ ಸುಣ್ಣ ಆಗಿದೆ."

"ಏನಿಲ್ಲ. ನಿನ್ನ ಕೆಲಸ ನೋಡು ಹೋಗು."

"ನೋಡ್ತಾನೇ ಇದ್ದೆ. ಅದಕ್ಕೇ ಬರೀ ತೋಳು ಹೋಯ್ತು, ಅಂಗಿ ಉಳೀತು. ನಡೀರಿ ಆಸ್ಪತ್ರೆಗೆ."

ದೊಡ್ಡ ಸೊಸೆ ಯಾರ ಜೊತೆ ಬೇಕಾದರೂ ಆಸ್ಪತ್ರೆಗೆ ಹೋಗಲು ಸಿದ್ಧಳಿದ್ದಳು, ಇವಳೊಬ್ಬಳನ್ನು ಬಿಟ್ಟು. ಕಾರಣ ದೊಡ್ಡ ಸೊಸೆಯ ಕೈಚೀಲದ ತಳದಲ್ಲಿತ್ತು.

ಎರಡನೇ ಮಗುವಿಗೆ ಎರಡು ವರ್ಷ ತುಂಬಿದ ಮೇಲೆ ಅವಳು ಗರ್ಭ ನಿಲ್ಲದಿರಲು ಮೂರು ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ ಶುರುಮಾಡಿದ್ದಳು. ಮೂರು ಸಲ ಹಾಕಿಸಿಕೊಂಡಳು. ತೂಕ ಐದು ಕಿಲೋ ಏರಿತು. ಮುಟ್ಟು ತಾಳ ತಪ್ಪಿತು. ಹದಿನೈದು ದಿನ ಬಿಟ್ಟೂಬಿಡದ ಕಲೆ, ಆಮೇಲೆ ಎರಡು ತಿಂಗಳು ಏನೂ ಇಲ್ಲ. ಮಕ್ಕಳು ಲೋಟ ಬೀಳಿಸಿದರೂ ಕಣ್ಣಲ್ಲಿ ನೀರು.

ಅದೇ ಮನೆಯಲ್ಲಿ ರೇಡಿಯೋ ಗರ್ಭ ನಿಲ್ಲದಿರಲೆಂದೇ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದಳು. ಅವಳ ಮೊಡವೆ ಮಾಯವಾದವು. ಸೊಂಟ ಇದ್ದ ಹಾಗೇ ಇತ್ತು. ದೊಡ್ಡ ಸೊಸೆ ಯೂನಿಫಾರಂನ ಗುಂಡಿಯನ್ನು ಎರಡನೇ ಸಲ ಆಚೆಗೆ ಹೊಲಿದುಕೊಳ್ಳುತ್ತಿದ್ದ ದಿನ ಅವಳ ಗಂಡ ತಮಾಷೆಗೆಂದು ಕೇಳಿದ: "ರೇಡಿಯೋನೂ ಅದೇ ಊಟ ಮಾಡ್ತಾಳೆ. ನೀನೊಬ್ಬಳೇ ಯಾಕೆ ಹಿಂಗೆ ಊದ್ತಾ ಇದ್ದೀಯ?"

ಅವಳು ದಾರ ಕಡಿದಳು. ಮಾರನೇ ದಿನ ರೇಡಿಯೋಳ ಯೂನಿಫಾರಂ ಇಸ್ತ್ರಿ ಮಾಡುವಾಗ ಬೇಕೆಂದೇ ಕಾಲರ್ ಮೇಲೆ ಒಂದು ಸುಕ್ಕು ಬಿಟ್ಟಳು. ಯಾರೂ ಗಮನಿಸಲಿಲ್ಲ. ಸುಕ್ಕು ಬಿದ್ದ ಕಾಲರೂ ಆ ಕತ್ತಿಗೆ ಚೆನ್ನಾಗಿಯೇ ಕಂಡಿತು. ಹೊಟ್ಟೆ ಇನ್ನಷ್ಟು ಉರಿಯಿತು.

ನಾಲ್ಕನೇ ಇಂಜೆಕ್ಷನ್ನಿನ ದಿನ ಬಂತು. ಅವಳು ಹೋಗಲಿಲ್ಲ. ಅವಳ ಮೈಗೆ ಒಗ್ಗಿದ್ದು ನನ್ನ ಮೈಗೆ ಯಾಕೆ ಒಗ್ಗಬಾರದು ಎಂಬ ಒಂದೇ ಹಟ. ಹನ್ನೆರಡು ದಿನ ಕಳೆದ ಮೇಲೆ ರೇಡಿಯೋಳ ಬೀರುವಿನಲ್ಲಿದ್ದ ಮೂರು ಮಾತ್ರೆ ಸ್ಟ್ರಿಪ್‌ಗಳಲ್ಲಿ ಅಡಿಯದನ್ನು ಎತ್ತಿಕೊಂಡಳು. ಇಸ್ತ್ರಿ ಮೇಜಿನ ಮುಂದೆ ಕಣ್ಣು ಕೈಕೊಟ್ಟ ದಿನ ಒಂಬತ್ತನೇ ಮಾತ್ರೆ ಮುಗಿದಿತ್ತು.

ರೇಡಿಯೋ ಬಿಡದೆ ಎಳೆತಂದ ಆಸ್ಪತ್ರೆಯಲ್ಲಿ ನರ್ಸಮ್ಮ ಬಿಪಿ ನೋಡಿದರು. ನೂರ ಮೂವತ್ತನಾಲ್ಕು, ಎಂಬತ್ತಾರು. ಅಷ್ಟರಲ್ಲಿ ಕಣ್ಣು ತಿಳಿಯಾಗಿ ತಲೆಯ ಒಂದು ಕಡೆ ಸಿಡಿಯತೊಡಗಿತ್ತು.

"ಮೊದಲೂ ಹಿಂಗೆ ಆಗಿತ್ತಾ?"

"ವರ್ಷಕ್ಕೆ ಎರಡು ಮೂರು ಸಲ. ಶಾಲೆಗೆ ಹೋಗೋವಾಗಿನಿಂದ. ಬೆಳಕು ಕುಣಿಯುತ್ತೆ, ಆಮೇಲೆ ತಲೆನೋವು. ಯಾರಿಗೂ ಹೇಳಿಲ್ಲ."

"ಈಗ ಏನಾದರೂ ಮಾತ್ರೆ ತಗೊಳ್ತಾ ಇದ್ದೀರಾ?"

ದೊಡ್ಡ ಸೊಸೆ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಹೇಳಿದರೆ ಕಳ್ಳತನ ಬಯಲು. ಅದೂ ರೇಡಿಯೋ ಎದುರು. ಸಂಜೆಯೊಳಗೆ ಇಡೀ ಲಾಂಡ್ರಿಗೆ ಸುದ್ದಿ. ನರ್ಸಮ್ಮ ಮತ್ತೆ ಕೇಳಿದರು, ಈ ಸಲ ನಿಧಾನವಾಗಿ. "ನೀವು ಮುಚ್ಚಿಟ್ಟರೆ ಡಾಕ್ಟರು ತಪ್ಪು ಮದ್ದು ಬರೀತಾರಮ್ಮ."

ಅವಳು ಚೀಲದಿಂದ ಮಾತ್ರೆ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟಳು.

ರೇಡಿಯೋ ಮುಂದೆ ಬಗ್ಗಿ ನೋಡಿದಳು.

"ಇದು ನಂದು, ನನ್ನ ಬೀರುವಿಂದ ಹೋದದ್ದು! ಆಸ್ಪತ್ರೆಯವರೇ ತಪ್ಪಿ ಎರಡೇ ಕೊಟ್ಟಿದ್ದಾರೆ ಅಂತ ನಾನು ಈ ನರ್ಸಮ್ಮನ ಹತ್ರಾನೇ ಜಗಳ ಆಡಿ ಬಂದೆ!"

"ಹೌದು, ಆಡಿದ್ದಳು," ಎಂದರು ನರ್ಸಮ್ಮ.

"ಕೇಳಿದ್ರೆ ಕೊಡ್ತಿರಲಿಲ್ವಾ ಅಕ್ಕ?"

"ನಿನ್ನ ಹತ್ರ ಕೇಳೋದಾ?" ದೊಡ್ಡ ಸೊಸೆ ಅವಳ ಕಡೆ ತಿರುಗಿದಳು. "ನಿನಗೇನಮ್ಮ, ಏನು ನುಂಗಿದರೂ ಗೊಂಬೆ ಥರ ಇರ್ತೀಯ. ನನಗೆ ನಿನ್ನ ಕಂಡ್ರೆ ಆಗ್ತಿರಲಿಲ್ಲ, ತಿಳ್ಕೋ."

"ಗೊಂಬೆ! ಮೊದಲ ಎರಡು ತಿಂಗಳು ದಿನಾ ನೀರಿನ ಟ್ಯಾಂಕ್ ಹಿಂದೆ ಹೋಗಿ ವಾಂತಿ ಮಾಡ್ತಿದ್ದೆ. ಎದೆ ಮುಟ್ಟಿದ್ರೆ ನೋವು. ನಿಮಗೇನು, ಮೂರು ತಿಂಗಳಿಗೊಂದು ಸೂಜಿ, ಆಮೇಲೆ ರಾಣಿ ಅಂತ ನಾನು ಉರ್ಕೊಂಡು ಸಾಯ್ತಿದ್ದೆ."

"ಊರಿಗೆಲ್ಲ ಎಲ್ಲ ಹೇಳ್ತೀಯ, ಇದನ್ನ ಮಾತ್ರ ಹೇಳಲಿಲ್ಲ?"

"ಚೆನ್ನಾಗಿದ್ದೀಯ ಅಂತ ಎಲ್ಲ ಹೊಗಳ್ತಿದ್ರು. ಹೇಳೋಕೆ ಮನಸ್ಸು ಬರಲಿಲ್ಲ."

ನರ್ಸಮ್ಮ ಸ್ಟ್ರಿಪ್ ತಿರುಗಿಸಿ ನೋಡಿ ಹೇಳಿದರು: "ಇವತ್ತಿನದು ಈ ಮಾತ್ರೆಯಿಂದಲೇ ಬಂತು ಅಂತ ನಾನು ಹೇಳಲ್ಲ. ನಿಮಗೆ ಮೊದಲಿಂದ ಇದೆ. ಆದರೆ ತಲೆನೋವಿಗೆ ಮುಂಚೆ ಕಣ್ಣಿಗೆ ಹೀಗೆ ಬೆಳಕು ಕುಣಿಯೋರು ಈ ಮಾತ್ರೆ ತಗೋಬಾರದು. ಪಾರ್ಶ್ವವಾಯು ಆಗೋ ಅಪಾಯ ಜಾಸ್ತಿ. ಬಿಪಿ ಇರೋರಿಗೂ, ಮೂವತ್ತೈದು ದಾಟಿ ಸಿಗರೇಟ್ ಸೇದೋರಿಗೂ, ಎಳೆ ಮಗುವಿಗೆ ಹಾಲು ಕೊಡೋರಿಗೂ ಇದು ಆಗಲ್ಲ. ಮಾತ್ರೆ ಕೊಡೋ ಮುಂಚೆ ನಾವು ಇದನ್ನೆಲ್ಲ ಕೇಳ್ತೀವಿ. ಬೀರು ಕೇಳುತ್ತಾ?"

"ಹಾಗಾದ್ರೆ ನನ್ನ ಗತಿ? ಆ ಸೂಜಿನೇ ಮತ್ತೆ ಚುಚ್ಚಿಸ್ಕೊಳ್ಳಬೇಕಾ?"

"ಯಾರು ಹೇಳಿದ್ರು? ಇಂಜೆಕ್ಷನ್ನಲ್ಲಿ ಮುಟ್ಟು ಏರುಪೇರಾಗೋದು ಸಾಮಾನ್ಯ, ಕೆಲವರಿಗೆ ತೂಕಾನೂ ಏರುತ್ತೆ. ನಿಮಗೆ ಕಷ್ಟ ಆಗ್ತಿದ್ರೆ ಬಂದು ಹೇಳಬೇಕಿತ್ತು. ಹಾರ್ಮೋನ್ ಇಲ್ಲದ ಕಾಪರ್-ಟಿ ಇದೆ. ಮೊದಲ ಕೆಲವು ತಿಂಗಳು ರಕ್ತಸ್ರಾವ, ಹೊಟ್ಟೆನೋವು ಜಾಸ್ತಿ ಆಗಬಹುದು, ಅದನ್ನೂ ಮೊದಲೇ ಹೇಳಿಬಿಡ್ತೀನಿ. ಕಾಂಡೋಮ್ ಇದೆ. ಮಕ್ಕಳು ಸಾಕು ಅನ್ನೋದಾದರೆ ಗಂಡಸರಿಗೂ ಸಣ್ಣ ಆಪರೇಷನ್ ಇದೆ. ಮನೆಯವರನ್ನೂ ಕರ್ಕೊಂಡು ಬನ್ನಿ."

ಡಾಕ್ಟರು ಅವಳನ್ನು ಅಂದೇ ಪರೀಕ್ಷಿಸಿ ಮಾತ್ರೆ ನಿಲ್ಲಿಸಿದರು. ಮೂತ್ರ ಪರೀಕ್ಷೆಯಲ್ಲಿ ಗರ್ಭ ಇಲ್ಲವೆಂದು ಗೊತ್ತಾಯಿತು. ಮರುದಿನ ಗಂಡ ಬಂದ. ನರ್ಸಮ್ಮ ಹೇಳಿದ್ದೆಲ್ಲ ಕೇಳಿ, ಹೊರಗೆ ಬಂದು ಹೆಂಡತಿಗೆ "ಊದ್ತೀಯ ಅಂದಿದ್ದು ತಪ್ಪಾಯ್ತು" ಎಂದ. ಅವಳು "ತಪ್ಪೇ" ಎಂದಳು.

ಅಕ್ಕಂದಿರೇ, ತಂಗಿಯರೇ, ಪಕ್ಕದ ಮನೆಯವಳ ಮೈಗೆ ಒಗ್ಗಿದ್ದು ನಿಮ್ಮ ಮೈಗೆ ಒಗ್ಗಲೇಬೇಕೆಂದಿಲ್ಲ. ಒಗ್ಗದಿದ್ದರೆ ಅದು ನಿಮ್ಮ ಸೋಲಲ್ಲ. ವಾಕರಿಕೆ, ಮುಟ್ಟಿದರೆ ಸ್ತನ ನೋಯುವಂಥ ಬಾಧೆ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಕೇಳಿ ಬದಲಿಸಿಕೊಳ್ಳಿ. ಒಂದು ಕಾಲು ಊದಿ ನೋವು, ಉಸಿರಾಟದ ತೊಂದರೆ, ಎದೆಯಲ್ಲಿ ಇರಿತ, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಮಾತ್ರೆಯನ್ನು ಹಂಚಿಕೊಳ್ಳಬೇಡಿ. ಅನುಭವವನ್ನು ಹಂಚಿಕೊಳ್ಳಿ. ಗಂಡಸರೇ, ಹೆಂಡತಿಯನ್ನು ಇನ್ನೊಬ್ಬಳ ಜೊತೆ ಹೋಲಿಸುವ ಮೊದಲು ಅವಳ ಜೊತೆ ಒಮ್ಮೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬನ್ನಿ.

ದೊಡ್ಡ ಸೊಸೆ ಆ ವಾರ ಕಾಪರ್-ಟಿ ಹಾಕಿಸಿಕೊಂಡಳು. ರೇಡಿಯೋ ಸುದ್ದಿಯನ್ನು ಲಾಂಡ್ರಿಗೆಲ್ಲ ಬಿತ್ತರಿಸಿದಳು, ಟ್ಯಾಂಕ್ ಹಿಂದಿನ ತನ್ನ ವಾಂತಿಯನ್ನೂ ಸೇರಿಸಿ. ತಿಂಗಳೊಳಗೆ ಅಲ್ಲಿಯ ನಾಲ್ವರು ಹೆಂಗಸರು ನರ್ಸಮ್ಮನ ಹತ್ತಿರ ಹೋಗಿ ಬಿಪಿ ನೋಡಿಸಿಕೊಂಡರು. ಒಬ್ಬಳಿಗೆ ಬಿಪಿ ಹೆಚ್ಚಿತ್ತು. ಅವಳು ನುಂಗುತ್ತಿದ್ದ ಗರ್ಭ ತಡೆಯುವ ಮಾತ್ರೆ ಬದಲಾಯಿತು.